ಟೀಚರಿಗೆ ಕಲಿಸಲು ಬಿಡುವ

2025ರ ಮೇ ಎರಡನೇ ವಾರ. ಮೋಡ ಕಟ್ಟುತ್ತಿತ್ತು. ಆ ವರ್ಷ ಮಳೆ ಬೇಗ ಬಂತಲ್ಲ, ಅದರ ಸೂಚನೆ ಆಗಲೇ ಇತ್ತು. ಅಂಗಳದಲ್ಲಿದ್ದ ಕೊನೆ ಕೊಯ್ಲಿನ ಅಡಿಕೆಯನ್ನು ರಾಶಿ ಮಾಡಿ ಟಾರ್ಪಾಲು ಹೊದೆಸುವ ಗಡಿಬಿಡಿಯಲ್ಲಿದ್ದೆ. ಗೇಟಿನ ಹತ್ತಿರ "ಅಣ್ಣಾರ, ಮನ್ಯಾಗ ಅದೀರೇನ್ರಿ?" ಎಂದು ಕೇಳಿಸಿತು. ನಮ್ಮೂರ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯ ಹೆಡ್ ಟೀಚರು. ಬಾಗಲಕೋಟೆ ಕಡೆಯವರು. ನಮ್ಮಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯಿತು. ಜತೆಗೆ ಅತಿಥಿ ಶಿಕ್ಷಕಿ, ಇಲ್ಲಿಯದೇ ಹುಡುಗಿ.

"ಬನ್ನಿ ಟೀಚರ್, ಕೂತ್ಕೊಳ್ಳಿ. ಆಸರಿಗೆ ಎಂತ ಆಗಬಹುದು? ಮಜ್ಜಿಗೆ?"

"ಮಜ್ಜಿಗಿ ಆಮ್ಯಾಲ ಕುಡೀತೀನ್ರಿ. ನಿಮ್ಮ ಮೊಮ್ಮಗಳಿಗೆ ಈ ಜೂನಿಗೆ ಆರು ತುಂಬ್ತಾವಲ್ಲ, ನಮ್ಮ ಸಾಲಿಗೆ ಕಳಸ್ರಿ. ಒಂದನೇತ್ತಾಕ್ಕ ಈ ಸಲ ಎರಡ ಹೆಸರು ಬಂದಾವ."

ಬೇಸಿಗೆ ರಜೆ. ಊರಿಗೆ ಹೋಗಿದ್ದವರು ರಜೆ ಮುಗಿಯುವ ಮೊದಲೇ ವಾಪಸು ಬಂದು, ಗುಡ್ಡೆ ಹತ್ತಿ ಇಳಿದು, ಮನೆ ಮನೆಗೆ ಹೋಗಿ ಮಕ್ಕಳನ್ನು ಕೇಳುತ್ತಿದ್ದರು. ನನಗೆ ತಲೆ ಎತ್ತಲು ಆಗಲಿಲ್ಲ. ಮಗ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಅಡ್ವಾನ್ಸ್ ಕಟ್ಟಿ ಬಂದು ವಾರ ಆಗಿತ್ತು. "ಮಗನ ಹತ್ತಿರ ಮಾತಾಡ್ತೇನೆ" ಎಂದು ಜಾರಿಕೊಂಡೆ. ಅವರಿಗೂ ಅರ್ಥ ಆಗಿರಬೇಕು. ಮಜ್ಜಿಗೆ ಕುಡಿದು ಮುಂದಿನ ಮನೆಗೆ ಹೋದರು.

ರಾತ್ರಿ ಊಟದ ಹೊತ್ತಿಗೆ ವಿಷಯ ತೆಗೆದೆ. ಮಗ ಸಿಟ್ಟಾಗಲಿಲ್ಲ. "ಅಪ್ಪಾ, ನೀವೇ ಹೇಳಿದ್ದಲ್ವಾ, ಈಗ ಸರಕಾರಿ ಶಾಲೆಯಲ್ಲಿ ಎಂತದೂ ಕಲಿಸುವುದಿಲ್ಲ ಅಂತ?" ಎಂದ. ಹೌದು, ಹೇಳಿದ್ದೆ. ಮದುವೆಮನೆಯ ಚಪ್ಪರದಲ್ಲಿ, ಸೊಸೈಟಿಯ ಜಗಲಿಯಲ್ಲಿ ಎಲ್ಲರೂ ಹೇಳುವ ಮಾತು. ನಾನೂ ಸೇರಿಸಿದ್ದೆ. ಆ ಮಾತು ಎಷ್ಟು ಸರಿ ಎಂದು ಯೋಚಿಸಿದ್ದು ಅದರ ನಂತರವೇ. ಹಾಗಾಗಿ ಈ ಲೇಖನ.

ಕೊನೆಗೆ ಸೊಸೆಯೇ ದಾರಿ ತೋರಿಸಿದಳು. "ಒಂದು ವರ್ಷ ನೋಡುವ. ಆಗದಿದ್ದರೆ ಪೇಟೆ ಶಾಲೆ ಇದ್ದೇ ಇದೆ." ಅಡ್ವಾನ್ಸ್ ವಾಪಸು ಬರಲಿಲ್ಲ. ಮೊಮ್ಮಗಳು ಒಂದನೇ ತರಗತಿಯ ಮೂರನೇ ಹೆಸರಾದಳು.

ಹೆಸರಿಲ್ಲದ ಅರ್ಹತೆ

ತೋಟಕ್ಕೆ ಗಿಡ ತರುವಾಗ ನಾವು ನರ್ಸರಿಯವನನ್ನು ಹತ್ತು ಪ್ರಶ್ನೆ ಕೇಳುತ್ತೇವೆ. ತಾಯಿಮರ ಎಲ್ಲಿಯದು, ಎಷ್ಟು ಪ್ರಾಯದ್ದು, ಬೀಜ ಯಾವ ಗೊನೆಯದ್ದು ಎಂದು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮಾತ್ರ ಕಟ್ಟಡ, ಟೈ, ಹಳದಿ ವ್ಯಾನು ನೋಡುತ್ತೇವೆ. ಕಲಿಸುವವರು ಯಾರು, ಏನು ಓದಿದ್ದಾರೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಈಗ ಸರಕಾರಿ ಪ್ರಾಥಮಿಕ ಶಾಲೆಗೆ ಟೀಚರಾಗುವುದು ಸುಲಭ ಇಲ್ಲ. ಡಿ.ಎಡ್. ಅಥವಾ ಬಿ.ಎಡ್. ತರಬೇತಿ ಆಗಿರಬೇಕು. ಅದರ ಮೇಲೆ ಟಿ.ಇ.ಟಿ. ಎಂಬ ಅರ್ಹತಾ ಪರೀಕ್ಷೆ. 150 ಅಂಕದಲ್ಲಿ ಸಾಮಾನ್ಯ ವರ್ಗದವರು 90 ತೆಗೆಯಲೇಬೇಕು. ಅದಾದ ಮೇಲೆ ಇನ್ನೊಂದು ಸ್ಪರ್ಧಾತ್ಮಕ ಪರೀಕ್ಷೆ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ ಕಲಿಸುವ 15,000 ಹುದ್ದೆಗೆ ಪರೀಕ್ಷೆ ನಡೆದಾಗ ಅಷ್ಟೂ ಹುದ್ದೆ ತುಂಬಲಿಲ್ಲ. ಜರಡಿ ಅಷ್ಟು ಸಣ್ಣದು.

ಪೇಟೆಯ ಖಾಸಗಿ ಶಾಲೆಗಳಲ್ಲೂ ಒಳ್ಳೆ ಟೀಚರುಗಳಿದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ನನ್ನ ನೆಂಟರಲ್ಲೇ ಇಬ್ಬರು ಹುಡುಗಿಯರು ಡಿಗ್ರಿ ಮುಗಿಸಿ, ಮದುವೆ ಆಗುವವರೆಗೆ ಅಂತ ಅಂಥ ಶಾಲೆಗಳಿಗೆ ಸೇರಿದವರು. ತರಬೇತಿ ಇಲ್ಲ. ವರ್ಷ ಮುಗಿಯುವಾಗ ಬಿಟ್ಟರು. ಆ ಮಕ್ಕಳಿಗೆ ಮರುವರ್ಷ ಬೇರೆ ಟೀಚರು. ನಾವು ವರ್ಷಕ್ಕೆ ಹತ್ತಾರು ಸಾವಿರ ಕಟ್ಟುವುದು ಇದಕ್ಕೂ ಸೇರಿ ಎಂಬುದು ನೆನಪಿರಲಿ.

ಗರಗಸದಿಂದ ಶುರು

ಜೂನಿನಲ್ಲಿ ಮೊಮ್ಮಗಳನ್ನು ಬಿಡಲು ಹೋದವನು ಮಳೆ ಬಿಡಲೆಂದು ತರಗತಿಯ ಬಾಗಿಲಲ್ಲೇ ನಿಂತೆ. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ. ಬೆಂಚಿಲ್ಲ. ಮಕ್ಕಳು ಗುಂಪು ಗುಂಪಾಗಿ ಚಾಪೆಯ ಮೇಲೆ. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆ ಎಟುಕುವಷ್ಟೇ ಎತ್ತರಕ್ಕೆ ಕಪ್ಪು ಹಲಗೆ. ಒಂದೊಂದು ಮಗು ತನ್ನ ಕಾರ್ಡು ತಾನೇ ಹುಡುಕಿ ತಂದು ಕೂರುತ್ತದೆ. ಒಂದು ಪಾಠ ಗಟ್ಟಿಯಾದ ಮೇಲೆಯೇ ಮುಂದಿನ ಮೆಟ್ಟಿಲು. ಜ್ವರ ಬಂದು ವಾರ ತಪ್ಪಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಯಾರನ್ನೂ ಯಾರೂ ದಡ್ಡ ಅನ್ನುವ ಹಾಗಿಲ್ಲ.

ಇದು ನಲಿಕಲಿ. ಇದನ್ನು ಬೆಂಗಳೂರಿನ ಕಚೇರಿಯಲ್ಲಿ ಕೂತವರು ಮಾಡಿದ್ದಲ್ಲ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಪ್ರಾಥಮಿಕ ಶಾಲಾ ಮಾಸ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಸುತ್ತಮುತ್ತಲ ಹಳ್ಳಿ ಶಾಲೆಗಳಲ್ಲಿ ಕಾರ್ಡು ಇಟ್ಟು ಕಲಿಸುವ ಕ್ರಮ ನೋಡಿಬಂದರು. ಯುನಿಸೆಫ್ ನೆರವು ಇತ್ತು. ಊರಿಗೆ ಬಂದು ಕನ್ನಡಕ್ಕೆ ಒಗ್ಗುವ ಹಾಗೆ ತಾವೇ ಕಾರ್ಡು ಬರೆದರು. ಕಾಡಂಚಿನ, ಶಾಲೆಗೇ ಬಾರದ ಮಕ್ಕಳಿದ್ದ ಊರುಗಳಲ್ಲಿ ಪ್ರಯೋಗ ಮಾಡಿದರು. 2009–10ರ ಹೊತ್ತಿಗೆ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ರೈತ ತನ್ನ ತೋಟದಲ್ಲಿ ಮಾಡಿ ನೋಡಿದ ವಿಧಾನ ಊರೆಲ್ಲ ಹಬ್ಬಿದ ಹಾಗೆ. ಸರಕಾರಿ ಮಾಸ್ಟ್ರಿಗೆ ಹೊಸತು ಗೊತ್ತಿಲ್ಲ ಎನ್ನುವವರು ಇದನ್ನು ತಿಳಿಯಬೇಕು.

ನಲಿಕಲಿಯಲ್ಲಿ ಅ ಆ ಇ ಈ ಎಂದು ಶುರು ಇಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸರ, ಅರಸ, ಗರಗಸ ಎಂದು ಪದವೇ ಓದಬಹುದು. ಜುಲೈಯ ಒಂದು ಸಂಜೆ ಮೊಮ್ಮಗಳು ಕೊಟ್ಟಿಗೆಯ ಗೋಡೆಯಲ್ಲಿ ನೇತುಹಾಕಿದ್ದ ಗರಗಸದ ಕೆಳಗೆ ಮಸಿ ತುಂಡಿನಿಂದ ಅದರ ಹೆಸರು ಬರೆದಿಟ್ಟಿದ್ದಳು. ಸ ಸ್ವಲ್ಪ ಸೊಟ್ಟ. ಮಗ ಅದನ್ನು ಮೊಬೈಲಿನಲ್ಲಿ ಫೋಟೋ ಹಿಡಿದ. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಟೀಚರಿಗೆ ಬಂದ ಹೊಸತರಲ್ಲಿ ತುಳು ಒಂದಕ್ಷರ ಬರುತ್ತಿರಲಿಲ್ಲ. ನಮ್ಮ ಮಕ್ಕಳಿಗೆ ಅವರ ಕನ್ನಡ ತಿಳಿಯುತ್ತಿರಲಿಲ್ಲ. ಅನ್ನ ಬಡಿಸುವ ಅಡುಗೆಯಮ್ಮನೇ ಆಗ ದುಭಾಷಿ. ಈಗ ಒಂದನೇ ತರಗತಿಗೆ ಅಳುತ್ತಾ ಬಂದ ಮಗುವಿಗೆ ತುಳುವಿನಲ್ಲೇ ಸಮಾಧಾನ ಹೇಳುತ್ತಾರೆ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಹೀಗೆ ಬಯಲುಸೀಮೆಯಿಂದ ಬಂದವರು ತುಂಬ ಮಂದಿ. ಅಪ್ಪ-ಅಮ್ಮನನ್ನು ದೂರದಲ್ಲಿ ಬಿಟ್ಟು, ಬಾಡಿಗೆ ಮನೆಯಲ್ಲಿದ್ದು, ನಮ್ಮ ಮಳೆಗಾಲ ಸಹಿಸಿ, ನಮ್ಮ ಭಾಷೆ ಕಲಿತು ಕಲಿಸುತ್ತಾರೆ. ವರ್ಗಾವಣೆಗೆ ಕಾಯುತ್ತಾರೆ ನಿಜ. ಯಾರು ಕಾಯುವುದಿಲ್ಲ?

2020ರ ಕೊರೊನಾ ಕಾಲವನ್ನೂ ಮರೆಯಬಾರದು. ಪೇಟೆ ಶಾಲೆಗಳ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡೆಯ ತಲೆಯಲ್ಲಿ ಕೊಡೆ ಹಿಡಿದು ನೆಟ್‌ವರ್ಕ್ ಹುಡುಕುತ್ತಿದ್ದರು. ಸರಕಾರಿ ಶಾಲೆ ಟೀಚರುಗಳು ಆ ಆಗಸ್ಟಿನಲ್ಲಿ ವಿದ್ಯಾಗಮ ಎಂದು ಊರೂರಿಗೇ ಬಂದರು. ನಮ್ಮ ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ ಏಳೆಂಟು ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ನಡೆಯಿತು. ಸೋಂಕು ಹೆಚ್ಚಿ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಇದ್ದ ಎರಡು ತಿಂಗಳು ಕೆಲಸದವರ ಮಕ್ಕಳಿಗೆ ಅಕ್ಷರ ಮರೆಯಲಿಲ್ಲ.

ಹಾಗಾದರೆ ಕೊರತೆ ಎಲ್ಲಿ?

ಕೊರತೆ ಇದೆ. ಐದನೇ ತರಗತಿ ದಾಟಿದ ಮಕ್ಕಳಲ್ಲಿ ಸರಿಯಾಗಿ ಭಾಗಾಕಾರ ಬಾರದವರು ನಮ್ಮೂರಲ್ಲೂ ಇದ್ದಾರೆ. ಕಾರಣ ಹುಡುಕಲು ನಾನು ಬಳಸಿದ್ದು ಹಳೆಯ ಉಪಾಯ. ನಮ್ಮಲ್ಲಿ ಮಳೆ ಲೆಕ್ಕ ಬರೆದಿಡುವವರು ಬಹಳ. ನಾನೂ ದಿನಾ ಬೆಳಿಗ್ಗೆ ಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ಅದೇ ಪುಸ್ತಕದ ಹಿಂಬದಿಯಲ್ಲಿ ಆ ಜುಲೈಯಿಂದ ಶಾಲೆಯ ಲೆಕ್ಕವನ್ನೂ ಬರೆಯಲು ಶುರು ಮಾಡಿದೆ. ಇವತ್ತು ಇಬ್ಬರೂ ಟೀಚರು ತರಗತಿಯಲ್ಲಿದ್ದರಾ? ಇಲ್ಲದಿದ್ದರೆ ಎಲ್ಲಿಗೆ, ಯಾರ ಕರೆಗೆ?

ಸೆಪ್ಟೆಂಬರ್ ಮುಗಿಯುವಾಗ ನೋಡಿದೆ. ಇಬ್ಬರೂ ಬೇರೆ ಯಾವ ಕೆಲಸವೂ ಇಲ್ಲದೆ ಪೂರ್ತಿ ದಿನ ಪಾಠ ಮಾಡಿದ ದಿನಗಳು ಅರ್ಧಕ್ಕಿಂತ ಕಡಿಮೆ. ಸ್ವಂತ ರಜೆ ಹಾಕಿದ್ದು ಬೆರಳೆಣಿಕೆಯಷ್ಟು. ಉಳಿದದ್ದು ಮೀಟಿಂಗು, ತರಬೇತಿ, ಮತದಾರರ ಪಟ್ಟಿ, ಬ್ಯಾಂಕು, ಆನ್‌ಲೈನ್ ಮಾಹಿತಿ ತುಂಬಿಸುವುದು. ಒಂದೇ ಮಾಹಿತಿಯನ್ನು ಮೂರು ಕಡೆ ತುಂಬಿಸಬೇಕು. ಕೊನೆ ದಿನಾಂಕ ಯಾವತ್ತೂ ನಾಳೆಯೇ.

ಇನ್ನು ಊಟದ ಲೆಕ್ಕ. ಬಿಸಿಯೂಟ ಬೇಕೇ ಬೇಕು. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲೂ ಬೇಕು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಂದಾಯಿತು. ಕೂಲಿಯವರ ಮಕ್ಕಳ ಮೈಗೆ ಅದು ಹಿಡಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಮೊಟ್ಟೆ ತರುವುದು ಯಾರು? ಹೆಡ್ ಟೀಚರೇ. ಒಂದು ಮೊಟ್ಟೆಗೆ 6 ರೂಪಾಯಿ ಲೆಕ್ಕದಲ್ಲಿ ಶುರುವಾಯಿತು. ಬೇಯಿಸುವ, ಸುಲಿಯುವ ಖರ್ಚೂ ಅದರಲ್ಲೇ. ಪೇಟೆಯಲ್ಲಿ ಮೊಟ್ಟೆಯ ರೇಟು ಏರಿದಾಗ ಹೆಚ್ಚಿನದ್ದು ಅವರ ಕಿಸೆಯಿಂದ. ಅಡಿಕೆ ಧಾರಣೆ ಇಳಿದರೆ ನಮಗೆ ಉರಿಯುತ್ತದೆ. ಮೊಟ್ಟೆ ಧಾರಣೆ ಏರಿದರೆ ಟೀಚರಿಗೆ ಉರಿಯುವ ಕಾಲ ಬಂದಿದೆ ಮಾರಾಯ್ರೆ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅದರ 27ನೇ ಕಲಂ ನಾವೆಲ್ಲ ಓದಬೇಕಾದ್ದು. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಕೋಪ ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಪಾಠಕ್ಕೆ ಸಂಬಂಧಪಡದ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಎಂದು ಅದರಲ್ಲಿದೆ. ಆದರೂ 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹೋದವರು ಹೆಚ್ಚಿನವರು ಶಾಲಾ ಶಿಕ್ಷಕರೇ. ದಸರಾ ರಜೆಯಲ್ಲಿ ಮುಗಿಯಬೇಕಿದ್ದದ್ದು ಮುಗಿಯಲಿಲ್ಲ. ಅಕ್ಟೋಬರ್ 18ರವರೆಗೆ ಸರಕಾರಿ, ಅನುದಾನಿತ ಶಾಲೆಗಳಿಗೆ ರಜೆ ಮುಂದುವರಿಯಿತು.

ಸಮೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಇಲ್ಲದೆ ಯೋಜನೆ ಮಾಡಲಾಗದು. ಆದರೆ ಆ ದಿನಗಳಲ್ಲಿ ನಮ್ಮ ಟೀಚರು 60 ಪ್ರಶ್ನೆಯ ಮೊಬೈಲು ಹಿಡಿದು, ನೆಟ್‌ವರ್ಕ್ ಸಿಗದೆ, ನಮ್ಮ ತಾರಸಿ ಹತ್ತಿ ನಿಂತಿದ್ದರು. ಕೆಳಗೆ ಜಗಲಿಯಲ್ಲಿ ಅವರದೇ ವಿದ್ಯಾರ್ಥಿನಿ ಕಾರ್ಡಿಲ್ಲದೆ ಆಟವಾಡುತ್ತಿದ್ದಳು. ಪೇಟೆಯ ಖಾಸಗಿ ಶಾಲೆಗಳಲ್ಲಿ ಪಾಠ ಶುರುವಾಗಿತ್ತು. ಮಗ ಆವತ್ತು ನನ್ನ ಮುಖ ನೋಡಿದ. ಉತ್ತರ ಇರಲಿಲ್ಲ.

ದೊಡ್ಡ ಶಾಲೆಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ನೋಡಿಕೊಳ್ಳಬಹುದು. ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ನಮ್ಮ ಶಾಲೆಯಲ್ಲಿ 23 ಮಕ್ಕಳು, ಎರಡು ಹುದ್ದೆ. ಒಂದು ಖಾಲಿ, ಅದಕ್ಕೆ ಅತಿಥಿ ಶಿಕ್ಷಕಿ. ಹೆಡ್ ಟೀಚರು ಮೀಟಿಂಗಿಗೆ ಹೋದ ದಿನ ಐದು ತರಗತಿಗೆ ಒಬ್ಬಳೇ ಹುಡುಗಿ. ನಲಿಕಲಿ ಟೀಚರು ಪಕ್ಕದಲ್ಲಿದ್ದರೆ ಮಾತ್ರ ನಡೆಯುವ ಪದ್ಧತಿ. ಇಲ್ಲದಿದ್ದರೆ ಅದು ಬರೀ ಕಾರ್ಡಿನ ರಾಶಿ.

ಆ ಹುಡುಗಿಯ ಗೌರವಧನ 2025–26ರಲ್ಲಿ ಎರಡು ಸಾವಿರ ಏರಿಸಿದ ಮೇಲೆ ತಿಂಗಳಿಗೆ 12,000 ರೂಪಾಯಿ. ಅದೂ ತಿಂಗಳು ತಿಂಗಳು ಕೈಗೆ ಬರುವುದಿಲ್ಲ. ಬೇಸಿಗೆ ರಜೆಗೆ ಏನೂ ಇಲ್ಲ. ಬೋರ್ಡೋ ಬಿಡಲು ಬಂದವರಿಗೆ ನಾನು ಎಂಟು ದಿನಕ್ಕೆ ಕೊಡುವ ದುಡ್ಡು ಅದು. ಆದರೂ ಸಂಬಳ ಇಲ್ಲದ ಮೇ ತಿಂಗಳಲ್ಲಿ ಹೆಡ್ ಟೀಚರ ಜತೆ ಗುಡ್ಡೆ ಹತ್ತಿ ನಮ್ಮ ಮನೆಗೆ ಬಂದವಳು ಅವಳೇ. ಇಂಥ ನಿಷ್ಠೆಯನ್ನು ಹೊಗಳಿ ಸುಮ್ಮನಾಗುವುದು ನನಗೆ ನಾಚಿಕೆ. ಹುದ್ದೆ ತುಂಬಿಸಿ ಎಂದು ಕೇಳುವುದೇ ನಿಜವಾದ ಮರ್ಯಾದೆ.

ಎಲ್ಲರೂ ಚಿನ್ನವಲ್ಲ

ಕೆಲಸ ಕದಿಯುವವರೂ ಇದ್ದಾರೆ. ನಾನು ಎಸ್.ಡಿ.ಎಂ.ಸಿ.ಯಲ್ಲಿ ಮೂರು ವರ್ಷ ಇದ್ದೆ. ಆಗ ಒಬ್ಬ ಮಾಸ್ಟ್ರು ಹತ್ತೂವರೆಗೆ ಬಂದು ಮೂರೂವರೆಗೆ ಹೊರಡುತ್ತಿದ್ದರು. ಮಾತು ಚೆಂದ, ಮದುವೆ-ಮುಂಜಿಗೆ ಮುಂದೆ ನಿಲ್ಲುವವರು. ಹಾಗಾಗಿ ಊರಿನವರು ಯಾರೂ ಬಾಯಿ ಬಿಡಲಿಲ್ಲ, ನಾನೂ ಸೇರಿ. ಕಚೇರಿಗೆ ಹೋಗಿ ಹೇಳಿದಾಗ ಸಿಕ್ಕಿದ ಉತ್ತರ: "ಅವರನ್ನು ತೆಗೆದರೆ ನಿಮಗೆ ಇನ್ನೊಬ್ಬರು ಇಲ್ಲ, ಆಗಬಹುದಾ?" ಎರಡು ವರ್ಷ ಮಕ್ಕಳು ಕಳೆದುಕೊಂಡರು.

ಈಗ ಅನಿಸುತ್ತದೆ, ಆಗಲೇ ಪುಸ್ತಕದಲ್ಲಿ ಬರೆದಿಟ್ಟಿದ್ದರೆ ನಮ್ಮ ಮಾತಿಗೆ ತೂಕ ಇರುತ್ತಿತ್ತು. ಲೆಕ್ಕ ಇಟ್ಟರೆ ಕೆಲಸಗಳ್ಳ ಯಾರು, ಕೆಲಸಕ್ಕೆ ಬಿಡದಿರುವುದರಿಂದ ಸೋತವರು ಯಾರು ಎಂದು ಬೇರೆ ಬೇರೆ ಕಾಣುತ್ತದೆ. ನಾವು ಲೆಕ್ಕ ಇಡದೆ ಇಬ್ಬರಿಗೂ ಒಂದೇ ಬೈಗುಳ ಹಾಕುತ್ತೇವೆ. ಕಳ್ಳನಿಗೆ ಅದು ತಾಗುವುದಿಲ್ಲ. ನಿಷ್ಠೆಯವರಿಗೆ ತಾಗುತ್ತದೆ.

ನಾವು ಮಾಡಬಹುದಾದ್ದು

ಕರ್ನಾಟಕದಲ್ಲಿ 2001ರಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು. ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು ಎಂದು ಕಾಯ್ದೆಯೂ ಹೇಳುತ್ತದೆ. ಅಧಿಕಾರ ನಮ್ಮ ಕೈಯಲ್ಲಿದೆ, ಸಭೆಗೆ ಹೋಗಲು ನಮಗೆ ಪುರುಸೊತ್ತಿಲ್ಲ. ಸಹಿಗಾಗಿ ಟೀಚರು ಪುಸ್ತಕ ಹಿಡಿದು ತೋಟಕ್ಕೆ ಬರುವುದು ಎಷ್ಟು ಊರುಗಳಲ್ಲಿಲ್ಲ?

ಒಂದು, ನಿಮ್ಮ ಶಾಲೆಯ ದಿನದ ಲೆಕ್ಕ ಇಡಿ. ಒಂದು ದಿನಕ್ಕೆ ಒಂದು ಗೆರೆ ಸಾಕು. ಟೀಚರಿಗೆ ಹೇಳಿಯೇ ಇಡಿ. ಪತ್ತೇದಾರಿ ಆಗಬಾರದು. ನಮ್ಮ ಪುಸ್ತಕವನ್ನು ಮಕ್ಕಳ ಗ್ರಾಮಸಭೆಯಲ್ಲಿ ಓದಿದೆವು. ಬಂದಿದ್ದ ಅಧಿಕಾರಿ ಮೇಲಿನ ಆದೇಶ ಎಂದರು. ಆದರೆ ಮರುತಿಂಗಳಿನಿಂದ ಮೀಟಿಂಗುಗಳಲ್ಲಿ ಕೆಲವು ಶನಿವಾರ ಮಧ್ಯಾಹ್ನಕ್ಕೆ ಹೋದವು. ಸಣ್ಣದೇ ಇರಬಹುದು. ಒಂದೊಂದು ದಿನವೂ 23 ಮಕ್ಕಳ ದಿನ.

ಎರಡು, ಕಂಪ್ಯೂಟರ್ ಗೊತ್ತಿರುವ ಹುಡುಗರು ಈಗ ಪ್ರತಿ ಊರಲ್ಲಿದ್ದಾರೆ. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಒಬ್ಬ ವಾರಕ್ಕೊಂದು ಸಂಜೆ ಟೀಚರ ಎದುರು ಕೂತು ಮಾಹಿತಿ ತುಂಬಿಸಿಕೊಡುತ್ತಾನೆ. ಮೊಟ್ಟೆಯನ್ನು ಸಂತೆಗೆ ಹೋಗುವ ನಮ್ಮ ಜೀಪಿನವನೇ ತಂದುಕೊಡುತ್ತಾನೆ.

ಮೂರು, ಟೀಚರನ್ನು ದೂರುವ ಮೊದಲು ಒಂದು ದಿನ ತರಗತಿಯಲ್ಲಿ ಕೂತು ಬನ್ನಿ. ದೂರು ಆಮೇಲೂ ಉಳಿದರೆ ಕಾಗದದಲ್ಲಿ ಬರೆದು ಕೊಡಿ.

ನಮ್ಮ ಜಿಲ್ಲೆಯ ಹರೇಕಳ ಹಾಜಬ್ಬ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ತಾನು ಶಾಲೆಗೆ ಹೋಗದವರು. ಊರಿಗೆ ಸರಕಾರಿ ಶಾಲೆ ಬರಬೇಕೆಂದು ಕಚೇರಿ ಕಚೇರಿ ಅಲೆದು ಶಾಲೆ ತಂದರು, ಗಳಿಸಿದ್ದನ್ನು ಅದಕ್ಕೆ ಹಾಕಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮಗೆ ಅಷ್ಟು ಕಷ್ಟ ಇಲ್ಲ. ಶಾಲೆ ಅಜ್ಜಂದಿರ ಕಾಲದಿಂದ ಇದೆ. ಜಾಗ ಊರಿನವರು ಕೊಟ್ಟದ್ದು, ಬಾವಿ ಶ್ರಮದಾನದ್ದು. ಉಳಿಸಿಕೊಂಡರೆ ಸಾಕು. ಅದು ಮುಚ್ಚಿದರೆ ನನ್ನ ಮೊಮ್ಮಗಳಿಗೆ ಹಳದಿ ವ್ಯಾನು ಇದೆ. ನನ್ನ ತೋಟದಲ್ಲಿ ಅಡಿಕೆ ಹೆಕ್ಕುವವಳ ಎರಡು ಮಕ್ಕಳಿಗೆ ಏನಿದೆ?

ಮಗನ ಚಿಂತೆ ಇಂಗ್ಲಿಷಿನದ್ದು. ಅದು ಸುಳ್ಳು ಚಿಂತೆ ಅಲ್ಲ. 2007ರಿಂದ ಸರಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಕಲಿಸಲು ಹೊತ್ತು ಸಿಕ್ಕಿದರೆ ಅದನ್ನೂ ಕಲಿಸುತ್ತಾರೆ ಎಂದು ನನ್ನ ನಂಬಿಕೆ. ಆದರೆ ಮುಂದಿನ ವರ್ಷಕ್ಕೆ ಅಡ್ವಾನ್ಸ್ ಕಟ್ಟುವ ದಿನ ಮತ್ತೆ ಹತ್ತಿರ ಬರುತ್ತಿದೆ. "ಒಂದು ವರ್ಷ ನೋಡುವ" ಎಂದಿದ್ದೆವಲ್ಲ. 2027ರ ಜನಗಣತಿಯ ಕೆಲಸ ಬೇರೆ ಇದೆ. ಮಗ ಏನು ತೀರ್ಮಾನ ಮಾಡುತ್ತಾನೋ ಗೊತ್ತಿಲ್ಲ. ನಾನು ನನ್ನ ಪುಸ್ತಕ ಅವನ ಎದುರು ಇಡುತ್ತೇನೆ. ಕೊಟ್ಟಿಗೆ ಗೋಡೆಯ ಮಸಿ ಅಕ್ಷರ ಇನ್ನೂ ಅಳಿಸಿಲ್ಲ, ಅದನ್ನೂ ನೋಡಲಿ.

ನಿಮ್ಮೂರ ಶಾಲೆಯ ಲೆಕ್ಕ ಹೇಗಿದೆ? ಬರೆದು ಇಟ್ಟವರಿದ್ದರೆ ಪತ್ರಿಕೆಗೆ ಕಳಿಸಿ. ನಾಲ್ಕೂರಿನ ಪುಸ್ತಕ ಒಟ್ಟು ಸೇರಿದರೆ ಕಚೇರಿಯವರು "ಮೇಲಿನ ಆದೇಶ" ಎಂದು ಸುಲಭದಲ್ಲಿ ಹೇಳಲಿಕ್ಕಿಲ್ಲ.